ವಿಮಾನದ ಪಟ್ಟಿಯಲ್ಲಿ ಇಲ್ಲದವನು

"೧೯೪೮ ನವೆಂಬರ್ ೯, ಮಂಗಳವಾರ. ಹಿಮ ನಾಲ್ಕು ಬೆರಳು. ನೀರಿಗೆ ಹೋದ ಬುರುಲ್ ತಡವಾಗಿ ಬಂದಳು. ಬಕೆಟ್ ಇಲ್ಲ."

ನನ್ನ ದಿನಚರಿಯಲ್ಲಿ ಅಷ್ಟೇ ಇದೆ. ಉಳಿದದ್ದನ್ನು ಆಗ ಬರೆಯುವ ಹಾಗಿರಲಿಲ್ಲ. ಈಗ ಹೇಳುತ್ತೇನೆ… ಒಲೆಯ ಹತ್ತಿರ ಬನ್ನಿ. ಮುಗಿಯುವ ತನಕ ಯಾರೂ ಎದ್ದು ಹೊರಗೆ ಹೋಗಬೇಡಿ.

ಬುರುಲ್ ನನ್ನ ಓರಗಿತ್ತಿ, ಈ ಮನೆಯ ಹಿರಿಯ ಸೊಸೆ. ಅವಳ ಗಂಡ ಯುದ್ಧಕ್ಕೆ ಹೋದವನು ಬರಲಿಲ್ಲ, ಕಪ್ಪು ಕಾಗದ ಬಂತು. ಸಾವಿನ ಸುದ್ದಿ ತರುವ ಕಾಗದಕ್ಕೆ ನಮ್ಮಲ್ಲಿ ಅದೇ ಹೆಸರು. ನಾನು ಕಿರಿಯವಳು. ರಾಜಧಾನಿ ಫ್ರುಂಜೆಯಲ್ಲಿ ಓದಿ ಬಂದು ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಕಣಿವೆಯಲ್ಲಿ ಡಿಪ್ಲೊಮಾ ಇದ್ದ ಹೆಂಗಸು ನಾನೊಬ್ಬಳೇ. ಬುರುಲ್ ನನ್ನನ್ನು ಕರೆಯುತ್ತಿದ್ದದ್ದೇ 'ಕಾಲೇಜು' ಎಂದು. "ಏ ಕಾಲೇಜು, ಒಲೆಗೆ ಬೆರಣಿ ಹಾಕೋದನ್ನ ಅಲ್ಲಿ ಹೇಳಿಕೊಡ್ಲಿಲ್ವಾ?" ನನ್ನ ಗಂಡ ಕುರಿಗಳ ಜೊತೆ ಚಳಿಗಾಲದ ಹುಲ್ಲುಗಾವಲಿಗೆ ಹೋಗಿದ್ದ. ಮನೆಯಲ್ಲಿ ನಾವಿಬ್ಬರು ಮತ್ತು ಮಾವ.

ಬುಗ್ಗೆ ಮನೆಯಿಂದ ಇನ್ನೂರು ಹೆಜ್ಜೆ. ದಾರಿಯಲ್ಲಿ ಒಂದೇ ಒಂದು ಮುದಿ ಪಾಪ್ಲರ್ ಮರ. ಆ ಸಂಜೆ ಕತ್ತಲಾದ ಮೇಲೆ ಬುರುಲ್ ನೀರು ತುಂಬಿಕೊಂಡು ಮರದ ಹತ್ತಿರ ಬಂದಿದ್ದಾಳೆ. ಆಗ ಕೇಳಿಸಿತಂತೆ… ಗುಂಯ್… ಎಂದು. ಆಕಾಶದಲ್ಲಲ್ಲ. ಹಿಂದೆ, ಬುಗ್ಗೆಯ ಮಂಜುಗಡ್ಡೆಯ ಕೆಳಗಿನಿಂದ. ಆಮೇಲೆ ಎಂಜಿನ್ ಕೆಮ್ಮಿದ ಹಾಗೆ, ಖೊಟ್… ಖೊಟ್… ನಿಂತುಹೋಯಿತು. ಆಮೇಲೆ ಹೆಜ್ಜೆ. ಒಂದು ಕಾಲು ಕರ್ರ್ ಎಂದು ಹಿಮ ಮುರಿಯುವುದು. ಇನ್ನೊಂದು ಕಾಲಿಗೆ ಸದ್ದೇ ಇಲ್ಲ, ಮೆತ್ತಗೆ. ಕರ್ರ್… ಮೆತ್ತಗೆ. ಕರ್ರ್… ಮೆತ್ತಗೆ.

"ಅತ್ತಿಗೆ," ಎಂದಿತು ದನಿ. "ನನ್ನನ್ನ ಏನಂತ ಬರೆಸಿದೆ?"

ಅವಳು ಬಕೆಟ್ ಬಿಟ್ಟು ಓಡಿಬಂದಳು.

ಬರೆಸಿದ್ದು ಏನು ಎಂದು ಹೇಳಬೇಕು. ಯುದ್ಧ ಮುಗಿದ ಆ ವರ್ಷಗಳಲ್ಲಿ ಸೇನೆಯ ಹಳೆಯ ಸಾಗಣೆ ವಿಮಾನಗಳು ನಮ್ಮ ಬೆಟ್ಟ ದಾಟಿ ಹೋಗುತ್ತಿದ್ದವು. ಸಿಪಾಯಿಗಳು, ಪೆಟ್ಟಿಗೆಗಳು, ಒಮ್ಮೊಮ್ಮೆ ಮನೆಗೆ ಹೊರಟ ಹುಡುಗರು. ಎಲ್ಲವೂ ದಾಟುತ್ತಿರಲಿಲ್ಲ. ಅಕ್ಟೋಬರ್ ೨೪ರ ಭಾನುವಾರ ಮೋಡದೊಳಗೆ ಒಂದು ವಿಮಾನ ಮೇಲಿನ ದಿಣ್ಣೆಗೆ ಬಡಿಯಿತು. ಬುರುಲ್ ಆ ದಿನ ತಪ್ಪಿಸಿಕೊಂಡ ಕುರಿ ಹುಡುಕಿಕೊಂಡು ಅಲ್ಲೇ ಮೇಲಿದ್ದಳು. ಉರಿಯುವ ವಿಮಾನದಿಂದ ದೂರ, ಹಿಮದಲ್ಲಿ, ಒಬ್ಬ ಹುಡುಗ ಬದುಕಿದ್ದ. ನಮ್ಮವನೇ, ಕಿರ್ಗಿಜ್ ಹುಡುಗ. ಒಂದೇ ಕಾಲಿನಲ್ಲಿ ಬೂಟು. ಸೇವೆ ಮುಗಿಸಿ ಊರಿಗೆ ಹೊರಟಿದ್ದವನು, ಪೈಲಟ್‌ನನ್ನು ಬೇಡಿಕೊಂಡು ಹತ್ತಿದ್ದನಂತೆ. ಬುರುಲ್ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಅತ್ತಿಗೆ, ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಹೇಳಿಬಿಡು. ಸಾರಿ-ಬುಲುಂಗ್‌ನಲ್ಲಿ ನನ್ನ ಅವ್ವ ಇದ್ದಾಳೆ," ಎಂದು ಮೂರು ಸಲ ಹೆಸರು ಹೇಳಿದ. ಆಮೇಲೆ ಹೇಳಲಿಲ್ಲ.

ಮೂರನೆಯ ದಿನ, ಬುರುಲ್ ಮೇಲೆ ಇದ್ದಳೆಂದು ಯಾರಿಂದಲೋ ಕೇಳಿ, ಒಬ್ಬ ರಷ್ಯನ್ ಅಧಿಕಾರಿ ನಮ್ಮ ಮನೆಗೆ ಬಂದ. ಮಾವ ಒಳಗೆ ಹಿರಿಯರ ಜಾಗದಲ್ಲಿ ಕೂತಿದ್ದರು. ದುಭಾಷಿ ನಾನೇ.

"ನಿಮ್ಮ ಬೆಟ್ಟದ ಮೇಲೆ ಏನೂ ಬಿದ್ದಿಲ್ಲ. ತಿಳಿಯಿತಾ?" ಎಂದ ಅಧಿಕಾರಿ. "ಸರಿ. ಪಟ್ಟಿಯಲ್ಲಿ ಹನ್ನೊಂದು ಜನ, ಸಿಕ್ಕಿದ್ದು ಹನ್ನೆರಡು. ಆ ಹನ್ನೆರಡನೆಯವನ ಹೆಸರೇನು?"

ನಾನು ಅದನ್ನು ನಮ್ಮ ಮಾತಿನಲ್ಲಿ ಬುರುಲ್‌ಗೆ ಕೇಳಿದೆ. ಬುರುಲ್ ಮಾವನ ಕಡೆ ನೋಡಿದಳು. ತಲೆ ತಗ್ಗಿಸಿದಳು. "ತೊಕ್ತೊಬಾಯ್," ಎಂದಳು. "ಸಾರಿ-ಬುಲುಂಗ್‌ನವನು." ಅವನು ಬರೆದುಕೊಂಡ. ದಿನಚರಿಯಲ್ಲಿ ನಾನೂ ಬರೆದುಕೊಂಡೆ, ಚೆನ್ನಾಗಿ, ದುಂಡಗೆ.

ಬಕೆಟ್ ಬಿಟ್ಟು ಓಡಿಬಂದ ಮರುದಿನ, ಬುಧವಾರ, ಬುರುಲ್ ಹಿಟ್ಟು ಕಲಸಿ ಎಣ್ಣೆಯಲ್ಲಿ ಬೊರ್ಸೋಕ್ ಕರಿದಳು. ಕರಿದ ವಾಸನೆ ಸತ್ತವರಿಗೆ ಮುಟ್ಟುತ್ತದೆ. ಮಾವ ಪ್ರಾರ್ಥನೆಗೆ ಅಂಗೈ ಎತ್ತಿ, "ಯಾರ ಹೆಸರಿಗೆ, ಮಗಳೇ?" ಎಂದರು.

"ಆ ಹುಡುಗನ ಹೆಸರಿಗೆ… ತೊಕ್ತೊಬಾಯ್."

"ತೊಕ್ತೊಬಾಯ್‌ಗೆ ಮುಟ್ಟಲಿ," ಎಂದು ಮಾವ ಮುಖ ಸವರಿಕೊಂಡರು.

ಆ ಸಂಜೆ ಹೆಜ್ಜೆ ಮರದ ಹತ್ತಿರ ನಿಲ್ಲಲಿಲ್ಲ. ನಮ್ಮ ಮಣ್ಣಿನ ಗೋಡೆಯ ತನಕ ಬಂತು. ಬುರುಲ್ ದನದ ಕೊಟ್ಟಿಗೆಯಲ್ಲಿದ್ದಳು. ಗೋಡೆಯಾಚೆಯಿಂದ ಮೆಲ್ಲಗೆ, ಬೇಜಾರಿನಿಂದ…

"ಅತ್ತಿಗೆ, ವಾಸನೆ ಬಂತು. ನನಗಲ್ಲ."

ಆಗ ಒಳಗೆ ಓಡಿಬಂದು ನನ್ನ ಕೈ ಹಿಡಿದು ಮೂಲೆಗೆ ಎಳೆದಳು. "ನಾನು ತಪ್ಪು ಹೆಸರು ಬರೆಸಿದೆ ಕಣೇ."

"ಏನು ಹಾಗಂದ್ರೆ?"

"ಆ ಹುಡುಗನ ಹೆಸರು… ಅದೇ… ಇವರದ್ದೇ." ಹುಬ್ಬಿನಿಂದ ಪರದೆಯ ಆಚೆ ಮಲಗಿದ್ದ ಮಾವನನ್ನು ತೋರಿಸಿದಳು.

ತುರ್ದುಬಾಯ್. ಮಾವನ ಹೆಸರು ಅದು. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರನ್ನು ಬಾಯಿಗೆ ತರುವಂತಿಲ್ಲ. ಬೇರೆಯವರಿಗೆ ಅದೇ ಹೆಸರಿದ್ದರೂ ಅದೇ ಅರ್ಥದ ಇನ್ನೊಂದು ಮಾತು ಹುಡುಕಬೇಕು. ತುರ್ದು ಎಂದರೆ ಉಳಿದ, ನಿಂತ. ತೊಕ್ತೊ ಎಂದರೂ ನಿಲ್ಲು ಎಂದೇ. ಬುರುಲ್ ಹದಿನೈದು ವರ್ಷದಿಂದ ಹಾಗೇ ಮಾತಾಡುತ್ತಿದ್ದಳು. ನಾಲಿಗೆ ತಾನಾಗಿಯೇ ಹೊರಳಿತ್ತು. ಕೆಡುಕೆಂದರೆ, ತೊಕ್ತೊಬಾಯ್ ಎಂಬುದೂ ಮನುಷ್ಯರಿಗೆ ಇಡುವ ಹೆಸರೇ. ನನಗೆ ಅನುಮಾನವೇ ಬರಲಿಲ್ಲ.

"ಮಾವನ ಹೆಸರಿನವನು ಅಂತ ಹೇಳಬಹುದಿತ್ತಲ್ಲ, ಅಕ್ಕ!"

"ನಿಮ್ಮ ಹೆಸರಿನವನು ಸತ್ತ ಅಂತ ಅವರ ಮುಖಕ್ಕೇ ಹೇಳಲಾ? ಏಳು ಕೂಸು ಹೋದ ಮೇಲೆ ಇದಾದರೂ ಉಳೀಲಿ ಅಂತ ಅವರ ಅವ್ವ ಇಟ್ಟ ಹೆಸರು ಅದು."

"ನಾನಾಗಿದ್ರೆ ಹೆಸರೇ ಹೇಳಿಬಿಡ್ತಿದ್ದೆ. ಇದೆಲ್ಲ ಹಳೇ ಕಾಲದ್ದು."

"ಹೌದಾ? ಈಗ ಹೇಳು ನೋಡೋಣ. ಪಿಸುಗುಟ್ಟು ಸಾಕು."

ಬಾಯಿ ತೆರೆದೆ. ನಾಲಿಗೆ ಹಲ್ಲಿಗೆ ತಾಗಿ ಅಲ್ಲೇ ನಿಂತಿತು. ಬುರುಲ್ ನಗಲಿಲ್ಲ. "ಎಷ್ಟು ವರ್ಷ ಓದಿದೆ ಅಂದೆ, ಕಾಲೇಜು?" ಎಂದಷ್ಟೇ ಕೇಳಿದಳು.

ಹೇಳಲಾಗದಿದ್ದರೇನು, ಬರೆಯಬಲ್ಲೆನಲ್ಲ. ಕೂಡಲೇ ಅಧಿಕಾರಿಗೆ ಪತ್ರ ಬರೆದೆ: ಹೆಸರು ತಪ್ಪಾಗಿದೆ, ಸರಿಯಾದದ್ದು ಇದು. ಆದರೆ ಅಂಚೆಯವನು ಬರುವುದು ಶನಿವಾರ. "ಇನ್ನು ಮೂರು ದಿನ, ಅಕ್ಕ. ಅಷ್ಟು ತಾಳು."

"ನಾನು ತಾಳ್ತೀನಿ. ಅವನು ತಾಳಬೇಕಲ್ಲ. ನಿನ್ನೆ ಮರ, ಇವತ್ತು ಗೋಡೆ. ನಾಳೆ ಎಲ್ಲಿಗೆ ಬರ್ತಾನೆ ಹೇಳು."

ಗುರುವಾರ ನಾವಿಬ್ಬರೂ ಹೊರಗೆ ಹೋಗಲಿಲ್ಲ. ಬಾಗಿಲಿಗೆ ಅಗಳಿ ಹಾಕಿ, ನಾನು ಮಕ್ಕಳ ನೋಟುಪುಸ್ತಕ ತಿದ್ದುತ್ತಾ ಕೂತೆ. ಮಾವ ಪರದೆಯ ಆಚೆ ನಿದ್ದೆ. ಗಾಳಿ ಇಲ್ಲ. ನಾಯಿ ಒಮ್ಮೆ ಬೊಗಳಿತು… ಕುಂಯ್‌ಗುಟ್ಟಿತು… ಸುಮ್ಮನಾಯಿತು.

ಕರ್ರ್… ಮೆತ್ತಗೆ.

ಆ ತನಕ ನಾನು ಕೇಳಿರಲಿಲ್ಲ. ಆವತ್ತು ಕೇಳಿದೆ. ನನ್ನ ಈ ಎರಡು ಕಿವಿಯಿಂದ.

"ಗಾಳಿ ಇರಬೇಕು," ಎಂದೆ.

"ಗಾಳಿ ಬೂಟು ಹಾಕುತ್ತಾ?" ಬುರುಲ್ ನನ್ನ ತೋಳನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಹೆಜ್ಜೆ ಹೊಸ್ತಿಲಲ್ಲಿ ನಿಂತಿತು. ಬಾಗಿಲು ಬಡಿಯಲಿಲ್ಲ. ಹಲಗೆಯ ಮೇಲೆ ಒಂದೇ ಒಂದು ಉಗುರು, ಮೇಲಿನಿಂದ ಕೆಳಗೆ… ಜರ್ರ್…

"ಅತ್ತಿಗೆ. ಎಲ್ಲರೂ ಹೊರಟರು. ಪಟ್ಟಿ ಓದಿ ಒಬ್ಬೊಬ್ಬರನ್ನೇ ಕರೆದರು. ನನ್ನನ್ನ ಕರೀಲಿಲ್ಲ."

"ಪತ್ರ ಬರೆದಿದ್ದೀನಪ್ಪಾ," ಎಂದೆ ನಾನು. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಶನಿವಾರ ಹೋಗುತ್ತೆ."

"ಕಾಗದ ನನಗೆ ಕೇಳಿಸಲ್ಲ, ಅತ್ತಿಗೆ. ಹೊರಗೆ ಚಳಿ. ಒಳಗೆ ಬರಲಾ?"

ಅಗಳಿ ಅಲುಗಿತು. ಟಕ್… ಟಕ್… ಬುರುಲ್ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳ ಕಣ್ಣು ನನ್ನ ಮೇಲೆ. ನಾನಾಗಿದ್ದರೆ ಹೇಳುತ್ತಿದ್ದೆ ಎಂದವಳು ನಾನು.

ಎದ್ದೆ. ಅಗಳಿ ನಾನೇ ತೆಗೆದೆ. ಬೆಳದಿಂಗಳು, ಹಿಮ, ಮತ್ತೆ ಏನೂ ಇಲ್ಲ. ಕಣ್ಣು ಮುಚ್ಚಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ:

"ತುರ್ದುಬಾಯ್! ತುರ್ದುಬಾಯ್! ಮನೆಗೆ ನಡಿ, ನಿನ್ನ ಅವ್ವ ಕಾಯ್ತಿದ್ದಾಳೆ!"

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕರ್ರ್… ಮೆತ್ತಗೆ… ಮನೆಯಿಂದ ಆಚೆಗೆ, ದಿಣ್ಣೆಯ ಕಡೆಗೆ. ಈ ಸಲ ಬೇಗಬೇಗ, ಓಡುವವನ ಹಾಗೆ. ಬುರುಲ್ ಅಳುತ್ತಾ ನನ್ನ ಹೆಗಲಿಗೆ ತಲೆ ಇಟ್ಟಳು. ನಾನು ನಕ್ಕುಬಿಟ್ಟೆ ಎಂದು ಕಾಣುತ್ತದೆ.

ಆಗ ನಮ್ಮ ಬೆನ್ನ ಹಿಂದೆ, ಪರದೆಯ ಆಚೆಯಿಂದ…

"ಓ… ಬಂದೆ, ಅವ್ವಾ."

ಮಾವ. ಎದ್ದು ಬಂದರು. ಬರಿಗಾಲು, ಬರಿತಲೆ. ಅರುವತ್ತು ವರ್ಷದಿಂದ ಹೆಂಗಸಿನ ದನಿಯಲ್ಲಿ ಅವರ ಹೆಸರು ಅವರ ಕಿವಿಗೆ ಬಿದ್ದಿರಲಿಲ್ಲ. ಹೆಂಡತಿ ಕರೆದವಳಲ್ಲ, ಸೊಸೆಯರು ಕರೆದವರಲ್ಲ. ಕರೆದವಳು ಒಬ್ಬಳೇ, ಹೆತ್ತವಳು. ಕತ್ತಲಲ್ಲಿ ಹೆಸರು ಹಿಡಿದು ಕರೆದರೆ ಓಗೊಡಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮನುಷ್ಯ ಓಗೊಟ್ಟಿದ್ದರು. ನಮ್ಮ ನಡುವೆ ಹಾದು ಹೊಸ್ತಿಲು ದಾಟಿದರು. ಮುಖ ಚಿಕ್ಕ ಹುಡುಗನದ್ದಾಗಿತ್ತು. ಇಬ್ಬರೂ ಸೇರಿ ತೋಳು ಹಿಡಿದು ಒಳಗೆ ಕರೆತಂದೆವು. "ಅವ್ವ ಕರೀತಿದ್ದಾಳೆ, ಬಿಡ್ರೇ," ಎಂದರು ಎರಡು ಸಲ. ಮಲಗಿಸಿದೆವು. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ತಣ್ಣಗಾಗಿದ್ದರು.

ಮೈ ತೊಳೆಯಲು ಬಂದ ಮುದುಕರು ನನ್ನನ್ನು ಕರೆದು ಕೇಳಿದರು, ಮನೆಯಲ್ಲಿ ಪೆಟ್ರೋಲ್ ಇಟ್ಟಿದ್ದೀರಾ ಎಂದು. ನಮ್ಮ ಊರಿಗೆ ಆಗ ಒಂದು ಟ್ರಾಕ್ಟರೂ ಬಂದಿರಲಿಲ್ಲ. ಮಾವನ ಕೂದಲಿನ ತುಂಬ ಅದೇ ವಾಸನೆ. ಮೂರು ಸಲ ತೊಳೆದರು, ಹೋಗಲಿಲ್ಲ. ಹಾಗೆಯೇ ಮಣ್ಣು ಮಾಡಿದೆವು. ಇದು ನಡೆದದ್ದು. ನಂಬದವರು ನಂಬದೆ ಇರಲಿ, ನಾನು ಅಲ್ಲಿದ್ದೆ.

ಪತ್ರ ಶನಿವಾರದ ಅಂಚೆಗೆ ಹೋಯಿತು. ಅಷ್ಟರಲ್ಲಿ ಸಾರಿ-ಬುಲುಂಗ್‌ನ ತೊಕ್ತೊಬಾಯ್ ಎಂಬ ಬೇರೊಬ್ಬ ಸಿಪಾಯಿಯ ಮನೆಗೆ ಕಪ್ಪು ಕಾಗದ ಮುಟ್ಟಿತ್ತು. ಬದುಕಿದ್ದವನಿಗೆ ಅವರು ನಲವತ್ತನೆಯ ದಿನದ ಊಟ ಹಾಕಿದರು. ಕಾಗದ ತಪ್ಪೆಂದು ತಿಳಿಯುವ ಮೊದಲೇ ಅವನ ಹೆಂಡತಿಯನ್ನು ತವರಿನವರು ಕರೆದುಕೊಂಡು ಹೋಗಿದ್ದರು. ಆ ಹುಡುಗ ತುರ್ದುಬಾಯ್‌ನ ತಾಯಿಗೆ ಅವಳ ಕಾಗದ ಫೆಬ್ರುವರಿಯಲ್ಲಿ ಸಿಕ್ಕಿತು. ನಮ್ಮ ಮನೆಯಲ್ಲಿ ಮಾವ ಹೋದರು. ಬುರುಲ್ ನನ್ನನ್ನು ಯಾವತ್ತೂ ಬೈಯಲಿಲ್ಲ. ಆದರೆ ನನ್ನ ಐದು ಮಕ್ಕಳನ್ನು ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದವಳು, ಸಾಯುವ ತನಕ ಒಬ್ಬರನ್ನೂ ಹೆಸರು ಹಿಡಿದು ಕರೆಯಲಿಲ್ಲ.