ಅಳಿಯ ಆರಿಸಿದ ಕಾರ್ಡ್

ಟೌನ್ಸ್‌ವಿಲ್‌ನ ಕಂಪ್ಯೂಟರ್ ಅಂಗಡಿಯಲ್ಲಿ ಕೆಟ್ಟ ಕೀಬೋರ್ಡ್ ಹಿಡಿದು ಸಾಲಿನಲ್ಲಿ ನಿಂತಿದ್ದ ಲೋಸಾಳಿಗೆ, ಬೇಡವೆಂದರೂ ಮುಂದಿದ್ದ ವೃದ್ಧ ದಂಪತಿಯ ಮಾತು ಕಿವಿಗೆ ಬೀಳುತ್ತಿತ್ತು.

“ಮೂರು ಮಾನಿಟರ್ ಇಟ್ಕೊಂಡು ಕಾರ್ ರೇಸ್ ಆಡ್ತೀನಮ್ಮಾ. ಈಗಿರೋ ಗ್ರಾಫಿಕ್ಸ್ ಕಾರ್ಡ್ ದಂಡ, ಕಾರು ತೆವಳುತ್ತೆ. ಒಳ್ಳೇದೊಂದು ಕೊಡು,” ಎಂದ ಮುದುಕ ಕೌಂಟರಿನ ಹುಡುಗಿಗೆ.

“ಅಳಿಯ ಆರಿಸಿದ್ದು,” ಎಂದಳು ಹೆಂಡತಿ ಗ್ಲೆನಿಸ್. “ಎರಡು ವರ್ಷದಿಂದ ಪ್ರತಿ ಬಾರ್ಬೆಕ್ಯೂನಲ್ಲೂ ಎಲ್ಲರೆದುರು ಅವನ ಮಾನ ಕಳೀತಾನೆ ನಮ್ಮ ಮರ್ವ್.”

ಅಂಗಡಿಯ ಹುಡುಗಿ ಮರ್ವ್‌ನ ಫೋನಿನಲ್ಲಿ ಕಂಪ್ಯೂಟರಿನ ಹಿಂಬದಿಯ ಫೋಟೊ ನೋಡಿದಳು.

“ಮಾನಿಟರಿನ ಈ ಕೇಬಲ್‌ಗಳನ್ನ ನೀವೇ ಹಾಕಿದ್ದಾ?”

“ಮತ್ತೆ? ಅಳಿಯ ಹಾಕ್ತೀನಂದ. ನಲವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೋನಿಗೆ ಹೇಳ್ಕೊಡ್ತೀಯಾ ಅಂತ ಅಟ್ಟಿದೆ.”

“ಮೂರೂ ಕಾರ್ಡ್ ಬಿಟ್ಟು ಮದರ್‌ಬೋರ್ಡಿಗೆ ಹೋಗಿವೆ. ಕಾರ್ಡಿನ ಕಿಂಡಿಗಳು ಕೆಳಗಿವೆ, ನೋಡಿ. ರಬ್ಬರ್ ಮುಚ್ಚಳ ಕೂಡ ತೆಗೆದಿಲ್ಲ.”

“ಅಂದ್ರೆ?”

“ನಿಮ್ಮ ಕಾರ್ಡು ಒಂದು ದಿನವೂ ಆಟಕ್ಕೆ ಇಳಿದಿಲ್ಲ. ಕೇಬಲ್ ಅದಕ್ಕೆ ಹಾಕಿ ಸಾಕು.”

ಮರ್ವ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಲೋಸಾ ಬೇಗನೆ ಕೀಬೋರ್ಡಿನ ಮೇಲೆ ಕಣ್ಣಿಳಿಸಿದಳು.

“ಆದ್ರೂ ಒಂದು ಕೊಟ್ಬಿಡಮ್ಮಾ,” ಎಂದ ಮೆಲ್ಲಗೆ.

“ಯಾಕೆ? ಹೊಸದು ಬಂದ್ಮೇಲೆ ಸರಿಹೋಯ್ತು ಅಂತ ಮತ್ತೆ ಅವನನ್ನೇ ಆಡ್ಕೊಳ್ಳೋಕಾ?” ಎಂದಳು ಗ್ಲೆನಿಸ್.

ಅಷ್ಟರಲ್ಲಿ ಅಳಿಯ ಟ್ರೆಂಟ್ ಕಾರು ನಿಲ್ಲಿಸಿ ಓಡೋಡಿ ಬಂದ.

“ಸಿಕ್ತಾ ಮರ್ವ್? ಈ ಸಲದ್ದು ನನ್ನ ಲೆಕ್ಕ. ತಪ್ಪು ಕಾರ್ಡ್ ಹೇಳಿದ್ದು ನಾನೇ ಅಲ್ವಾ.”

ಮರ್ವ್ ಸಾಲು ಬಿಟ್ಟು ಬಾಗಿಲ ಕಡೆ ಹೊರಟ. “ನಡಿ ಮಗಾ, ಕಾರಲ್ಲಿ ಹೇಳ್ತೀನಿ.”

ಗ್ಲೆನಿಸ್ ಹಿಂದೆಯೇ ನಡೆದಳು.

“ಅವನನ್ನ ಬೈಯೋವಾಗ ಒಂದಿನಾದ್ರೂ ಕಾರಿಗೆ ಕರ್ಕೊಂಡು ಹೋಗಿದ್ಯಾ, ಮರ್ವ್?”