ಫುಸಾಳ ಚಾಕು

ಈ ಸಭೆಯ ಅಧ್ಯಕ್ಷರೂ ನಮ್ಮ ಶೋಚು ಸಾರಾಯಿ ಭಟ್ಟಿಯ ಯಜಮಾನರೂ ಆದ ಕುವಾಹಾತಾ ಅವರೇ, ಕಾಗೊಶಿಮಾ ಪಟ್ಟಣದಿಂದ ಬಂದಿರುವ ಅತಿಥಿಗಳೇ, ಗೆಣಸು ಬೆಳೆಗಾರರ ಸಂಘದ ಬಂಧುಗಳೇ, ಭಾಷಣ ಬೇಗ ಮುಗಿಯಲಿ ಎಂದು ಹಾರೈಸುತ್ತಿರುವ ಸಭಿಕರೇ,

ನನಗೆ, ಈ ತೊಕುಜಿ ಸಾಮೆಶಿಮಾನಿಗೆ, ಸನ್ಮಾನ ಎಂದು ಯಜಮಾನರು ಮನೆಗೆ ಬಂದು ಹೇಳಿದಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಸಂತೋಷಕ್ಕಲ್ಲ, ಅನುಮಾನಕ್ಕೆ. ನಮ್ಮೂರಿನಲ್ಲಿ ಸನ್ಮಾನ ಮಾಡುವುದು ಯಾರಿಗೆ? ಬೇಡವಾದವರಿಗೆ. ಭಟ್ಟಿಯ ಹಳೆಯ ಮೇಸ್ತ್ರಿಯ ಕೈಗೆ ಹೂಗುಚ್ಛ ಕೊಟ್ಟರು, ಮರುದಿನ ಅವರ ಜಾಗಕ್ಕೆ ಯಂತ್ರ ಬಂತು. ಹಾಗಾದರೆ ಈಗ ನನ್ನ ಸರದಿಯೇ? ನಿನ್ನ ಗೆಣಸು ಇನ್ನು ಸಾಕಪ್ಪ ಎಂದು ನಯವಾಗಿ ಹೇಳುವ ಬಗೆಯೇ ಇದು?

"ಅಯ್ಯೋ ತೊಕುಜಿಯಣ್ಣ, ಇಷ್ಟು ವರ್ಷ ಊರಿಗೆಲ್ಲ ಬಳ್ಳಿ ಕೊಟ್ಟಿದ್ದೀರಲ್ಲ, ಅದಕ್ಕೊಂದು ಮರ್ಯಾದೆ ಬೇಡ್ವಾ?" ಎಂದರು ಯಜಮಾನರು. ನಾನು ನಂಬಲಿಲ್ಲ. ಬಳ್ಳಿ ಕೊಟ್ಟದ್ದೇನೋ ನಿಜ. ಹಿಂದಿನ ಸುಗ್ಗಿಯ ಗೆಣಸು ಹೂತ ನನ್ನ ಸಸಿಮಡಿಯಲ್ಲಿ ಚಿಗುರಿದ ಬಳ್ಳಿಯನ್ನು ಪ್ರತಿ ವಸಂತದಲ್ಲೂ ಬಂದವರಿಗೆಲ್ಲ ನೆಡಲು ಕೊಡುತ್ತೇನೆ. ನನ್ನ ತಂದೆಯೂ ಕೊಟ್ಟವರೇ. ಬೆಂಕಿಬೆಟ್ಟದ ಬೂದಿ ತುಂಬಿದ ಈ ನೆಲದಲ್ಲಿ ಭತ್ತಕ್ಕೆ ನೀರು ನಿಲ್ಲುವುದಿಲ್ಲ. ನಮ್ಮ ಹಿರಿಯರಿಗೆ ಗೆಣಸೇ ಅನ್ನ, ದಣಿದ ಸಂಜೆಗೆ ಗೆಣಸಿನ ಶೋಚು. "ಬಳ್ಳಿ ಮಾರ್ಕೊಳ್ಳೋನು ಮನುಷ್ಯನೇನೋ?" ಎಂದು ತಂದೆ ಬೈಯುತ್ತಿದ್ದರು. ಇಂದು ಬೆಳಿಗ್ಗೆಯೂ ಈ ಸಭಾಂಗಣದ ಅರ್ಧ ಜನ ನನ್ನ ಅಂಗಳದಿಂದ ಬಳ್ಳಿಯ ಕಟ್ಟು ಹೊತ್ತುಕೊಂಡು ಹೋಗಿದ್ದೀರಿ.

ಆದರೆ ಯಜಮಾನರೇ, ಕಳೆದ ಸುಗ್ಗಿಯ ಮಾತನ್ನು ನಾನು ಎತ್ತಲೇಬೇಕು. ನಿಮ್ಮ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಗೆಣಸಿನ ಎರಡೂ ತುದಿ ಕತ್ತರಿಸುತ್ತಾರೆ. ಅಲ್ಲಿನ ಕಹಿ ಶೋಚುವಿಗೆ ಇಳಿಯಬಾರದು, ಒಪ್ಪಿದೆ. ಎಲ್ಲರ ಗೆಣಸಿಗೂ ಬೆರಳ ತುದಿಯಷ್ಟು ಹೋಗುತ್ತದೆ. ನನ್ನದಕ್ಕೆ ಮಾತ್ರ ಅಂಗೈಯಷ್ಟು! ನನ್ನ ಗೆಣಸು ಹಬೆಯಲ್ಲಿ ಬೇಯಲು ಹೋಗುವಷ್ಟರಲ್ಲಿ ಅರ್ಧಕ್ಕೆ ಇಳಿದಿರುತ್ತಿತ್ತು. ಇದು ಭಟ್ಟಿಯವರದೇ ಕಿತಾಪತಿ ಎಂದುಕೊಂಡೆ. ನಗುತ್ತಿದ್ದೀರಿ, ನಗಿ. ಒಂದು ಮಧ್ಯಾಹ್ನ ಚೀಲಗಳ ರಾಶಿಯ ಹಿಂದೆ ಕಳ್ಳನ ಹಾಗೆ ನಿಂತು ಇಣುಕಿದೆ. ನನ್ನ ಗೆಣಸಿಗೆ ದಯೆದಾಕ್ಷಿಣ್ಯವಿಲ್ಲದೆ ಚಾಕು ಹಾಕುತ್ತಿದ್ದವಳು ಯಾರು? ಅಗೋ, ಕಿಟಕಿಯ ಪಕ್ಕ ತಲೆ ತಗ್ಗಿಸಿ ಕುಳಿತಿದ್ದಾಳಲ್ಲ, ನನ್ನ ಹೆಂಡತಿ ಫುಸಾ.

ಮನೆಗೆ ಬಂದ ಮೇಲೆ ಕೇಳಿದೆ. "ನೀನು ಯಾರ ಕಡೆಯವಳೇ? ಯಜಮಾನರು ಏನಾದ್ರೂ ಕಿವಿ ಊದಿದ್ರಾ?"

"ಬಿಡಬಾರದ್ದನ್ನ ಕತ್ತರಿಸಿ ಹಾಕಿದೆ, ಅಷ್ಟೇ. ಬರೋ ವರ್ಷಕ್ಕೆ ಬೀಜದ ಗೆಣಸು ಹೊರಗಿಂದ ತರೋಣ ಕಣ್ರೀ."

"ಹೊರಗಿಂದ? ನಮ್ಮದಕ್ಕೇನು ಬಂದಿದೆ? ಯಾರು ಹೇಳ್ಕೊಟ್ರು ನಿಂಗೆ ಇದನ್ನ?"

"ನೋಡಿ, ಇದಕ್ಕೇ ನಿಮ್ಮ ಹತ್ರ ಏನೂ ಹೇಳೋ ಹಾಗಿಲ್ಲ. ಬಾಯಿ ಬಿಟ್ಟರೆ ಯಾರು ಹೇಳ್ಕೊಟ್ರು ಅಂತೀರಿ."

ಪ್ರತಿ ವರ್ಷ ಬಳ್ಳಿಯ ಕಟ್ಟು ಕಟ್ಟುವವಳು ಅವಳೇ. ಇಂದು ಬೆಳಿಗ್ಗೆ ಹೊರಗೇ ಬರಲಿಲ್ಲ. "ಈ ಸಲ ಯಾರಿಗೂ ಕೊಡ್ಬೇಡಿ" ಎಂದಳು ಬಾಗಿಲ ಮರೆಯಿಂದ. ಇವಳಿಗೆ ಜಿಪುಣತನ ಯಾವಾಗ ಬಂತು ಎಂದು ನನಗೆ ಇನ್ನೊಂದು ಅನುಮಾನ.

ಇರಲಿ. ಅಂಗೈಯಷ್ಟು ಎಂದೆನಲ್ಲ, ಅತಿಥಿಗಳಿಗೆ ತೋರಿಸಿಬಿಡುತ್ತೇನೆ. ಮೇಜಿನ ಮೇಲೆ ಅಲಂಕಾರಕ್ಕೆ ಇಟ್ಟಿರುವ ಈ ಗೆಣಸನ್ನೇ ನೋಡಿ. ಬಾಲದ ಕಡೆ ಅವಳು ಎಲ್ಲರಂತೆಯೇ ಕತ್ತರಿಸಿದಳು, ಇಗೋ, ಇಷ್ಟೇ. ಅಂಗೈಯಷ್ಟು ತೆಗೆದದ್ದು ಈ ಕಡೆ. ಬಳ್ಳಿಗೆ ಅಂಟಿಕೊಂಡಿರುತ್ತದಲ್ಲ, ಈ ತೊಟ್ಟಿನ ಕಡೆ. ಎತ್ತಿಕೊಂಡ ಒಂದೊಂದಕ್ಕೂ ತೊಟ್ಟಿನ ಕಡೆಯೇ...

ತೊಟ್ಟಿನ ಕಡೆ.

ಒಂದು ನಿಮಿಷ. ಸ್ವಲ್ಪ ನೀರು ಕೊಡಿ.

ಬುಡಕೊಳೆ ರೋಗ ಗೆಣಸಿಗೆ ಎಲ್ಲಿಂದ ಇಳಿಯುತ್ತದೆ ಎಂದು ಈ ಸಭೆಯಲ್ಲಿ ಯಾರಿಗೆ ಹೇಳಿಕೊಡಬೇಕು? ಬಳ್ಳಿಯ ಬುಡದಿಂದ ತೊಟ್ಟಿಗೆ, ತೊಟ್ಟಿನಿಂದ ಒಳಕ್ಕೆ. ಆಚೆ ಕಣಿವೆಯ ಹೊಲಗಳೆಲ್ಲ ಕಪ್ಪಾಗಿ ಮಲಗಿದ್ದು ಹೀಗೆಯೇ ಅಲ್ಲವೇ? ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಅದು ಹೋಗುವುದು ಹೇಗೆ? ಬಳ್ಳಿಯ ಜೊತೆಗೆ. ಹಂಚಿದ ಬಳ್ಳಿಯ ಜೊತೆಗೆ.

ಫುಸಾ, ಎದ್ದು ನಿಲ್ಲುವುದೇನೂ ಬೇಡ. ತಲೆಯಾಡಿಸು, ಸಾಕು. ನಮ್ಮ ಗೆಣಸು ತೊಟ್ಟಿನ ಹತ್ತಿರ ಕಂದುಬಣ್ಣಕ್ಕೆ ತಿರುಗಿತ್ತೇ?

ಹೌದು ಎನ್ನುತ್ತಿದ್ದಾಳೆ. ನೀವೂ ನೋಡಿದಿರಿ.

ಸಭಿಕರೇ, ನಾನು ಯಜಮಾನರನ್ನು ಅನುಮಾನಿಸಿದೆ, ಅವರ ಸನ್ಮಾನವನ್ನು ಅನುಮಾನಿಸಿದೆ, ನನ್ನ ಹೆಂಡತಿಯನ್ನೂ ಬಿಡಲಿಲ್ಲ. ಬಳ್ಳಿಯ ಮೇಲೆ ಮಾತ್ರ ಅನುಮಾನ ಬರಲಿಲ್ಲ, ಅದು ನನ್ನದಾಗಿತ್ತಲ್ಲ! ನನಗೆ ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚಾಗಿ ಭಯವಾಗುತ್ತಿದೆ.

ಸಭೆಯಾದ ಮೇಲೆ ಕೂತು ಕುಡಿಯುವುದು ನಮ್ಮ ಪದ್ಧತಿ. ಶೋಚುವಿಗೆ ಬೆರೆಸಲು ಒಳಗೆ ಬಿಸಿನೀರು ಕಾಯುತ್ತಿರುವುದು ನನಗೂ ಗೊತ್ತು. ಇಂದು ಬೇಡ. ಈಗಲೇ ಮನೆಗೆ ಹೋಗಿ. ನಾನು ಕೊಟ್ಟ ಕಟ್ಟುಗಳನ್ನು ಸುಟ್ಟುಬಿಡಿ. ನೆಟ್ಟಾಗಿದ್ದರೆ ಕಿತ್ತು ಸುಡಿ. ತೊಕುಜಿಯಣ್ಣ ಪ್ರೀತಿಯಿಂದ ಕೊಟ್ಟದ್ದು, ಹೇಗೆ ಸುಡೋದು ಎಂದು ಸಂಕೋಚದಿಂದ ಒಂದೇ ಒಂದು ಬಳ್ಳಿಯನ್ನೂ ಉಳಿಸಿಕೊಳ್ಳಬೇಡಿ. ನಿಮ್ಮ ಸಂಕೋಚದ ಸ್ವಭಾವ ನನಗೆ ಗೊತ್ತು, ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ. ಯಜಮಾನರೇ, ಸನ್ಮಾನಪತ್ರ ಓದುವುದು ಬೇಡ. ಈ ವರ್ಷ ನನ್ನ ಹೊಲದಲ್ಲಿ ಏನೂ ಇರುವುದಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ಫುಸಾ, ಏಳು. ಮೊದಲು ನಮ್ಮ ಸಸಿಮಡಿಗೆ ಬೆಂಕಿ ಇಡೋಣ. ಎಲ್ಲರಿಗೂ ನಮಸ್ಕಾರ.