ಮಂಗಟ್ಟೆ ಹಕ್ಕಿಯ ಸಂಸಾರ

ಜೋಹಾನ್ಸ್‌ಬರ್ಗಿನಿಂದ ನೈರೋಬಿಗೆ ಬಂದಿಳಿದು, ಎಂಬಕಸಿ ವಿಮಾನ ನಿಲ್ದಾಣದಲ್ಲಿ ಲಗೇಜಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕನ್ನಡ ಕೇಳಿಸಿತು. ಕೊರಳಲ್ಲಿ ಬೈನಾಕ್ಯುಲರ್ ತೂಗುಹಾಕಿಕೊಂಡ ಯಜಮಾನರು, ಟ್ರಾಲಿಗೆ ಒರಗಿ ನಿಂತ ಅವರ ಹೆಂಡತಿ.

“ಕ್ರೂಗರ್ ಪಾರ್ಕಿಗೆ ಹೋಗಿ ಸಿಂಹ ನೋಡದೆ ಬಂದವರು ನಾವೇ ಇರಬೇಕು ರೀ. ಬೆಳಗ್ಗೆಯೆಲ್ಲ ಒಂದು ಮರದ ಪೊಟರೆ ನೋಡ್ತಾ ಕೂತ್ರಿ.”

“ಪೊಟರೆ ಒಳಗೆ ಮಂಗಟ್ಟೆ ಹಕ್ಕಿ ಇತ್ತು ಸುಕನ್ಯಾ. ಮೊಟ್ಟೆ ಇಟ್ಟ ಹೆಣ್ಣು ಬಾಗಿಲು ಮೆತ್ಕೊಂಡು ಒಳಗೇ ಇರುತ್ತೆ. ಗಂಡು ಸಂದಿಯಿಂದ ಊಟ ಕೊಡುತ್ತೆ.”

“ಸೋಮವಾರ ಮಂಡಿ ಆಪರೇಷನ್ ಆದ್ಮೇಲೆ ನಾನೂ ಹಾಗೇ ಬಿದ್ದಿರ್ತೀನಿ. ನಿಮಗೆ ಕಾಫಿ ಕಾಯಿಸೋಕೂ ಬರಲ್ಲ.”

“ಅದಕ್ಕೇ ಕಣೇ ನೋಡ್ತಾ ಕೂತಿದ್ದು. ಆ ಗಂಡು ಹಕ್ಕಿ ಒಂದು ಸಲಾನೂ ಬೇಜಾರು ಮಾಡ್ಕೊಳ್ಳಲಿಲ್ಲ. ನಾನೂ ಮಾಡ್ಕೊಳ್ಳಲ್ಲ.”



“ಅದು ಹುಳ ತಂದು ಕೊಡುತ್ತೆ ರೀ.”

“ನಾನು ಉಪ್ಪಿಟ್ಟು ಮಾಡ್ತೀನಿ.”

“ಬರುತ್ತಾ?”

“ನೀನು ಹೇಳ್ಕೊಡು.”

“ಮೊದಲು ರವೆ ಹುರ್ಕೋಬೇಕು.”

ಅಷ್ಟರಲ್ಲಿ ಅವರ ಸೂಟ್‌ಕೇಸ್ ಬಂತು. ಯಜಮಾನರು ಅದನ್ನೆತ್ತಿ ಟ್ರಾಲಿಗಿಟ್ಟು ತಳ್ಳತೊಡಗಿದರು.

“ಎಷ್ಟು ಹೊತ್ತು ಹುರೀಬೇಕು?”

“ಘಮ ಬರೋವರೆಗೂ,” ಎಂದು ಆಕೆ ನಗುತ್ತ ಅವರ ತೋಳು ಹಿಡಿದುಕೊಂಡರು. “ನಡೀರಿ, ಸೌತ್ ಬಿಯ ಮನೆ ಮುಟ್ಟೋಷ್ಟರಲ್ಲಿ ಒಗ್ಗರಣೆವರೆಗೂ ಹೇಳ್ತೀನಿ.”